ಒಂದೇ ಕೀಬೋರ್ಡಿನ ಮೇಜು

ಬಾಗಿಲ ಬದಿಯಲ್ಲಿ ಎರಡು ರಟ್ಟಿನ ಪೆಟ್ಟಿಗೆ ಕೂತಿದ್ದವು. ದೊಡ್ಡದರ ಮೇಲೆ ಮಾನಿಟರಿನ ಚಿತ್ರ, ಉದ್ದದ್ದರ ಮೇಲೆ ಕೀಬೋರ್ಡಿನ ಚಿತ್ರ. ವನಜ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಬೈಂದೂರು ಪೇಟೆಯ ಬಿಸಿಲು ಬೆನ್ನಿಗೇ ಅಂಟಿಕೊಂಡಿತ್ತು. ಆದರೂ ಇದು ತನಗಾಗಿಯೇ ಬಂದದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಬ್ಬಾ, ಎಷ್ಟು ಪ್ರೀತಿ ನನ್ನ ಮೇಲೆ, ಎಂದುಕೊಂಡಳು. ನಾಲ್ಕು ವರ್ಷದಿಂದ ಒಂದು ಕೀಬೋರ್ಡು, ಒಂದು ಮಾನಿಟರು, ಮೂರು ಕಂಪ್ಯೂಟರು ಎಂದು ಈ ಇಂಟರ್ನೆಟ್ಟಿನ ಅಂಗಡಿಯ ಒಳಗಿನವರ ಮೇಜು ನಡೆದಿತ್ತು. ಇನ್ನೊಂದು ತರಿಸಿ ಎಂದು ಅವಳು ಕೇಳಿ ಕೇಳಿ ಬಾಯಿ ನೋಯಿಸಿಕೊಂಡಾಗ ರಾಜೀವಣ್ಣನಿಗೆ ಕಿವಿ ಕೇಳಿಸಿರಲಿಲ್ಲ. ಈಗ ಕೇಳದೆಯೇ ಬಂದಿತ್ತು, ಅದೂ ಶನಿವಾರದ ತಕರಾರು ಎದ್ದು ಮೂರೇ ದಿನದಲ್ಲಿ, ಉಡುಪಿಯಿಂದ ಬಸ್ಸಿನ ಮೇಲೇರಿ. ಅಂಗಡಿಯ ಒಡೆಯ ರಾಜೀವ ದುಡ್ಡಿನ ಗಲ್ಲೆಯ ಹಿಂದಿನಿಂದ ನಕ್ಕ. ಅವನ ನಗು ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು, ಅದೇ ಕಷ್ಟ.

"ನಿಂಗೆ ಬೇರೆಯೇ ಮಾಡ್ಸಿದೆ ಕಾಣ್ ವನಜ," ಎಂದ. "ನಿಂದ್ ನಿಂಗೆ, ಉಮಾವತಿದ್ ಅವ್ಳಿಗೆ. ಇನ್ ತಕರಾರೇ ಇಲ್ಲ."

ಒಳಕೋಣೆಯಲ್ಲಿ ಫ್ಯಾನಿದೆ, ಯಾರ ಕಿರಿಕಿರಿಯೂ ಇಲ್ಲ, ಅವಳು ನೋಡಿಕೊಳ್ಳುವ ಲಿನಕ್ಸ್ ಕಂಪ್ಯೂಟರನ್ನು ಅಲ್ಲಿಗೆ ಸಾಗಿಸಿ ಅದರ ಮುಂದೆ ಅವಳೊಬ್ಬಳೇ ಆರಾಮಾಗಿ ಕೂರಬಹುದು ಎಂದು ಅವನು ವಿವರಿಸಿದ. ರಿಪೇರಿಯ ಕುಷ್ಟನಿಗೂ ಹೇಳಿ ಕಳಿಸಿದ್ದಾನಂತೆ, ಹನ್ನೊಂದರ ಒಳಗೆ ಬಂದು ವಯರು ಬೇರೆ ಮಾಡಿಕೊಡುತ್ತಾನಂತೆ. ವನಜ ತಲೆಯಾಡಿಸಿದಳು. ತಲೆ ಅದಾಗಿಯೇ ಆಡಿತು. ಇಪ್ಪತ್ತೊಂಬತ್ತು ವರ್ಷದಿಂದ ಹಾಗೆ ಆಡಿ ಆಡಿ ಅದಕ್ಕೆ ಅಭ್ಯಾಸ. ಒಳಕೋಣೆ ಎಂದರೆ ಬಚ್ಚಲಿಗೆ ಹೋಗುವ ಓಣಿ, ಮುರಿದ ಕುರ್ಚಿ ಮತ್ತು ಪ್ರಿಂಟರಿನ ಕಾಗದದ ಕಟ್ಟು ಇಡುವ ಜಾಗ. ಅಲ್ಲಿ ಹೋಗಿ ಕೂತರೆ ಎರಡು ಮಾತು ಒಪ್ಪಿಕೊಂಡ ಹಾಗೆ. ರಾಜೀವನ ಹೆಂಡತಿ ಉಮಾವತಿಯಕ್ಕ ಟೈಪು ಮಾಡಿದ ಎಂಬತ್ತನಾಲ್ಕು ಪುಟ ಅಳಿಸಿ ಹಾಕಿದವಳು ವನಜ ಎನ್ನುವುದು ಒಂದು. ಇನ್ನೊಂದನ್ನು ಈ ಅಂಗಡಿಯಲ್ಲಿ ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದ ಮಾತಿಗೆ ಉತ್ತರ ಕೊಡುವುದು ಹೇಗೆ ಎಂದು ಮೂರು ದಿನದಿಂದ ಅವಳಿಗೆ ನಿದ್ದೆಯಿರಲಿಲ್ಲ.

ಅವಳು ಮೇಜಿನ ಹತ್ತಿರ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಮೇಜಿನ ಕೆಳಗೆ ಮೂರು ಕಂಪ್ಯೂಟರಿನ ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು. ರಾಜೀವ ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಊರಿಗೆ ಬರುವಾಗ ಮುಚ್ಚಿದ ಯಾವುದೋ ಕಚೇರಿಯ ಹಳೆ ಕಂಪ್ಯೂಟರುಗಳನ್ನು ಲಾರಿಗೆ ಹೇರಿಸಿಕೊಂಡು ಬಂದಿದ್ದ. ಘಟ್ಟ ಗುಡ್ಡ ಹಾರಿ ಲಾರಿ ಬೈಂದೂರು ಮುಟ್ಟುವಷ್ಟರಲ್ಲಿ ಮಾನಿಟರು, ಕೀಬೋರ್ಡುಗಳೆಲ್ಲ ಒಡೆದು ಗಿರಾಕಿಗಳಿಗೆ ನಾಲ್ಕು ಜೊತೆ ಮತ್ತು ಒಳಗಿನವರಿಗೆ ಒಂದು ಜೊತೆ ಮಾತ್ರ ಉಳಿದವು. ಆಗ ಬಂದವನು ಉಪ್ಪುಂದದ ರೇಡಿಯೋ ರಿಪೇರಿಯ ಕುಷ್ಟ, ವನಜನ ನೆರೆಮನೆಯವನು. ಅವನು ಬಿಸ್ಕತ್ತಿನ ಎರಡು ತಗಡಿನ ಡಬ್ಬಿ ಕತ್ತರಿಸಿ, ಹಳೆ ರೇಡಿಯೋಗಳಿಂದ ಕಿತ್ತ, ತಿರುಪುವ ಎರಡು ಕಿವಿ ಅದಕ್ಕೆ ಕೂರಿಸಿ, ತಿರುಪಿದ ಕಡೆಯ ಕಂಪ್ಯೂಟರಿಗೆ ಸೇರುವ ಹಾಗೆ ಒಂದು ಕೀಬೋರ್ಡಿಗೆ, ಒಂದು ಮಾನಿಟರಿಗೆ ಎಂದು ಮಾಡಿಕೊಟ್ಟ. ಕಿವಿಯ ಸುತ್ತ ಒಂದು, ಎರಡು, ಮೂರು ಎಂದು ಉಗುರುಬಣ್ಣದಲ್ಲಿ ಬರೆದದ್ದು ವನಜ. ಒಂದು ಎಂದರೆ ಉಮಾವತಿಯಕ್ಕ ಕನ್ನಡ ಟೈಪು ಮಾಡುವ ಕಂಪ್ಯೂಟರು, ಎರಡು ಎಂದರೆ ಸ್ಕ್ಯಾನಿನದು, ಮೂರು ಎಂದರೆ ಲಿನಕ್ಸ್. ಎರಡು ಕಿವಿಯೂ ಒಂದೇ ನಂಬರಿಗೆ ಇರಬೇಕು, ಒಂದನ್ನು ಮರೆತರೆ ಕಾಣುವುದು ಒಂದು, ಕುಟ್ಟುವುದು ಇನ್ನೊಂದು ಎಂದು ಕುಷ್ಟ ಅವತ್ತೇ ಎಚ್ಚರಿಸಿದ್ದ. ಕರೆಂಟು ಹೋಗಿ ಬಂದಾಗ ಕೀಬೋರ್ಡು ಯಾವುದರ ಪಾಲಿಗಿದೆಯೋ ಅದು ಮಾತ್ರ ತೆಪ್ಪಗೆ ಏಳುತ್ತಿತ್ತು. ಉಳಿದೆರಡು ಕೀಬೋರ್ಡು ಕಾಣುತ್ತಿಲ್ಲ ಎಂದು ಕುಯ್ಯೆಂದು ಹಟ ಹಿಡಿಯುತ್ತಿದ್ದವು, ಒಂದೊಂದರ ಕಡೆಗೂ ಕಿವಿ ತಿರುಪಿ ಸಮಾಧಾನ ಮಾಡಬೇಕಿತ್ತು. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರಿನಲ್ಲಿ ಈ ಕೆಲಸ ಅವಳೊಬ್ಬಳಿಗೇ ಗೊತ್ತಿತ್ತು.

ಲಿನಕ್ಸನ್ನು ಹಾಕಿಕೊಟ್ಟ ಕಾಲೇಜಿನ ಹುಡುಗ ಒಂದು ಜೆರಾಕ್ಸು ಪುಸ್ತಕ ಕೊಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎದುರಿನ ನಾಲ್ಕೂ ಕಂಪ್ಯೂಟರಿಗೆ ಟೆಲಿಫೋನಿನ ಒಂದು ತಂತಿಯಿಂದ ಇಂಟರ್ನೆಟ್ಟು ಹಂಚುವುದು ಈ ಮೂರನೇ ಕಂಪ್ಯೂಟರು, ಅಂಗಡಿಯವರ ಕಡತಗಳನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೂ ಅದು. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಪಿಯುಸಿ ಎರಡು ಸಲ ಡುಮ್ಕಿ ಹೊಡೆದ ವನಜ ಆ ಪುಸ್ತಕವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ತಪ್ಪು ಹೊಡೆದರೆ ಕಂಪ್ಯೂಟರು ತಪ್ಪು ಎನ್ನುತ್ತಿತ್ತು, ಸರಿ ಹೊಡೆದರೆ ಸುಮ್ಮನಿರುತ್ತಿತ್ತು, ಯಾರ ಮಗಳು ಎಂದು ಕೇಳುತ್ತಿರಲಿಲ್ಲ. ಮೊದಲ ಸಲ ನಾಲ್ಕೂ ಗಿರಾಕಿಗಳಿಗೆ ಒಟ್ಟಿಗೆ ಇಂಟರ್ನೆಟ್ಟು ಬಂದ ದಿನ ಅವಳು ಯಾರಿಗೂ ಕಾಣದ ಹಾಗೆ ಬಚ್ಚಲಿಗೆ ಹೋಗಿ ಅತ್ತಿದ್ದಳು. ರಾಜೀವ ಮಾತ್ರ ಇವತ್ತಿಗೂ, ಆ ಹುಡುಗ ಎಷ್ಟು ಚೆಂದ ಮಾಡಿ ಹೋಗಿದ್ದಾನೆ ಕಾಣಿ, ನಾಲ್ಕು ವರ್ಷದಿಂದ ಒಂದು ದಿನ ಕೈ ಕೊಟ್ಟದ್ದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಕೇಳಿದಾಗೆಲ್ಲ ವನಜನ ಹೊಟ್ಟೆ ಉರಿಯುತ್ತದೆ, ತುಟಿ ನಗುತ್ತದೆ.

ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಒದ್ದೆಯಿಲ್ಲ, ಉಮಾವತಿಯಕ್ಕ ಇನ್ನೂ ಬಂದಿಲ್ಲ. ಗಲ್ಲೆಯ ಬದಿಯ ಮೊಳೆಯಲ್ಲಿ ಹಳದಿ ಬಟ್ಟೆ ತೂಗುತ್ತಿತ್ತು. ಉಮಾವತಿ ದಿನಾ ಹನ್ನೊಂದಕ್ಕೆ ಬರುವುದು, ಆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡುವುದು, ಕೀಬೋರ್ಡನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಎಡದಿಂದ ಬಲಕ್ಕೆ ಒರೆಸುವುದು, ಆಮೇಲೆ ಕೂರುವುದು. ಒರೆಸುವಾಗ ಪರದೆಯ ಮೇಲೆ ಏನೇನೋ ಅಕ್ಷರ ಮೂಡುತ್ತಿದ್ದವು, ಅವನ್ನು ಸಾವಕಾಶ ಅಳಿಸಿ ಕೆಲಸ ಶುರು ಮಾಡುತ್ತಿದ್ದಳು. ಮೊದಮೊದಲು ವನಜ ಇದನ್ನು ಶುದ್ಧ ಮನಸ್ಸಿನವರ ಚೊಕ್ಕತನ ಎಂದೇ ತಿಳಿದಿದ್ದಳು. ಒಂದು ದಿನ ರಾಜೀವ ಕೂತು ಎದ್ದ ಮೇಲೆ ಉಮಾವತಿ ಬಟ್ಟೆಯ ಕಡೆ ನೋಡದೆಯೇ ಕೂತಾಗ ವನಜನಿಗೆ ಲೆಕ್ಕ ಹತ್ತಿತು. ಅವತ್ತಿನಿಂದ ಬೆಳಿಗ್ಗೆ ಮನೆಯ ಬಾವಿಕಟ್ಟೆಯಲ್ಲಿ ಲಿಂಬೆಸಿಪ್ಪೆ ತಿಕ್ಕಿ, ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದು ಬಸ್ಸು ಹತ್ತತೊಡಗಿದಳು. ಬೆಳಗಿನ ಹೊತ್ತು ಬಂಗುಡೆ ಮೀನು ಹೆರೆಯುವುದನ್ನು ಬಿಟ್ಟಳು. ಆಮೇಲೆ ಬೆಳಗಿನ ಗಂಜಿಗೆ ಮೀನಿನ ಸಾರು ಹಾಕಿಕೊಳ್ಳುವುದನ್ನೂ ಬಿಟ್ಟಳು, ಉಪ್ಪಿನಕಾಯಿ ನೆಂಜಿಕೊಂಡು ಉಂಡಳು. ಬಟ್ಟೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮೂಗಿಗೆ ಬಡಿಯದ ವಾಸನೆಯನ್ನು ತೊಳೆಯಲು ಯಾವ ಲಿಂಬೆಯಿಂದಲೂ ಆಗುವುದಿಲ್ಲ ಎಂದು ತಿಳಿಯಲು ಅವಳಿಗೆ ಇಷ್ಟು ವರ್ಷ ಬೇಕಾಯಿತು.

ಹೊರಗೆ ಮೀನಿನವಳೊಬ್ಬಳು ಕೂಗಿಕೊಂಡು ಹೋದಳು. ಅಮ್ಮನಲ್ಲ, ಅಮ್ಮನ ದನಿ ಇಷ್ಟು ತೆಳುವಲ್ಲ. ಅಮ್ಮ ಜಲಜ ಎಂದರೆ ಬೈಂದೂರಿನ ಅರ್ಧ ಪೇಟೆಗೆ ಗೊತ್ತು, ಬಂಗುಡೆ ತಾಜಾ ಇಲ್ಲದಿದ್ದರೆ ತಾಜಾ ಇಲ್ಲ ಎಂದೇ ಹೇಳಿ ಮಾರುವ ಹೆಂಗಸು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ತಲೆಯ ಮೇಲೆ ಬುಟ್ಟಿ ಹೊತ್ತು, ಸೆರಗಿನ ತುದಿಯಲ್ಲಿ ಮನೆಯ ಕೀಲಿ ಕಟ್ಟಿಕೊಂಡು ಅವಳು ಈ ಬಾಗಿಲಲ್ಲಿ ನಿಂತಿದ್ದಳು. ಸಂಜೆ ಬರುವುದು ತಡ, ಕೀಲಿ ಕೊಟ್ಟು ಹೋಗುವ ಎಂದು ಬಂದದ್ದು. ಬುಟ್ಟಿಯ ನೀರು ಹೊಸ್ತಿಲ ಮೇಲೆ ಎರಡು ಹನಿ ಬಿತ್ತು. ಯಾರು ಅದು ಎಂದು ಉಮಾವತಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. ವನಜ ಎದ್ದು ಬಾಗಿಲಿಗೆ ಹೋದಳು. ಹೆತ್ತ ಅಮ್ಮನ ಮುಖ ನೋಡಿ, ಇವತ್ತು ಮೀನು ಬೇಡ ಎಂದಳು. ಎಷ್ಟು ಸಲೀಸಾಗಿ ಬಂತು ಆ ಮಾತು, ಬಾಯಲ್ಲಿ ಮೊದಲೇ ತಯಾರಾಗಿ ಕೂತಿದ್ದ ಹಾಗೆ. ಜಲಜ ಒಂದು ಗಳಿಗೆ ಮಗಳನ್ನು ನೋಡಿದಳು. ಸೆರಗಿನ ಗಂಟಿಗೆ ಹೋಗಿದ್ದ ಕೈಯನ್ನು ತೆಗೆದು ಬುಟ್ಟಿ ಸರಿಪಡಿಸಿಕೊಂಡಳು. "ಹಂಗಾರೆ ನಾಳೆ ಬತ್ತೆ ಅಮ್ಮ," ಎಂದಳು, ಗಿರಾಕಿಗಳಿಗೆ ಹೇಳುವ ಅದೇ ದನಿಯಲ್ಲಿ, ಮಗಳನ್ನು ಅಮ್ಮ ಎಂದು ಕರೆದು. ರಾತ್ರಿ ಮನೆಯಲ್ಲಿ ಅದರ ಸುದ್ದಿಯೇ ಎತ್ತಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅವತ್ತಿನ ನಂತರ ಜಲಜ ಈ ಬೀದಿಯಲ್ಲಿ ಮೀನು ಮಾರಲೇ ಇಲ್ಲ.

ಗಿರಾಕಿಗಳು ಇಬ್ಬರು ಬಂದರು, ಫಾರ್ಮು ತುಂಬಲು ಬಂದ ಅಕ್ಕತಂಗಿಯರು. ವನಜ ಅವರನ್ನು ಎದುರಿನ ಕಂಪ್ಯೂಟರಿಗೆ ಕೂರಿಸಿ ವಾಪಸು ಬಂದು ಎರಡೂ ಕಿವಿಯನ್ನು ಮೂರಕ್ಕೆ ತಿರುಪಿದಳು. ಎರಡೂ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಶನಿವಾರ ಹೀಗೆ ಹೇಳಿಕೊಂಡಿದ್ದರೆ ಇವತ್ತು ಬಾಗಿಲಲ್ಲಿ ಆ ಪೆಟ್ಟಿಗೆಗಳು ಇರುತ್ತಿರಲಿಲ್ಲ. ಶನಿವಾರ ಹಳೆ ಕಡತ ಗುಡಿಸುವ ದಿನ. ಗುಡಿಸುವುದಕ್ಕೆಂದೇ ಅವಳು ಲಿನಕ್ಸಿನಲ್ಲಿ ಒಂದು ಸಣ್ಣ ಪ್ರೋಗ್ರಾಮು ಬರೆದಿದ್ದಳು, ಅದರ ಮೇಲೆ ಅವಳಿಗೆ ಒಳಗೊಳಗೇ ಹೆಮ್ಮೆ. ಅದು ಅಳಿಸುವ ಮೊದಲು ಒಮ್ಮೆ ಕೇಳುತ್ತದೆ. ಬೇಡ ಎನ್ನುವ ಒಂದು ಅಕ್ಷರ ಹೊಡೆದು ಎಂಟರ್ ಒತ್ತಿದರೆ ನಿಲ್ಲುತ್ತದೆ, ಬೇರೆ ಏನು ಹೊಡೆದು ಒತ್ತಿದರೂ ಹೌದು ಎಂದೇ ತಿಳಿಯುತ್ತದೆ. ಹಾಗೆ ಬರೆದದ್ದು ಅವಳ ದಡ್ಡತನ. ಒಂದನೇ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಶಾಲೆಯೊಂದರ ಬೆಳ್ಳಿಹಬ್ಬದ ಸಂಚಿಕೆಯನ್ನು ಹಿಂದಿನ ವಾರ ಲಿನಕ್ಸಿಗೆ ತಂದು ಗುಡಿಸುವ ಕಡತಗಳ ಪಕ್ಕದಲ್ಲೇ ಇಟ್ಟಿದ್ದಳು. ಉಮಾವತಿ ಮೂರು ವಾರ ಕೂತು ಟೈಪು ಮಾಡಿದ್ದು ಅದು. ಪ್ರೋಗ್ರಾಮು ಅಳಿಸಲೇ ಎಂದು ಕೇಳಿದಾಗ ಪಟ್ಟಿಯಲ್ಲಿ ಸಂಚಿಕೆಯ ಹೆಸರೂ ಕಂಡಿತ್ತು. ಬೇಡ ಎನ್ನಲು ಬೆರಳು ಹೊರಟದ್ದೇ ತಡ, ಎದುರಿನಿಂದ ಒಬ್ಬಳು ದುಬೈಯ ಗಂಡನಿಗೆ ಬರೆದ ಕಾಗದ ಹೋಗುತ್ತಿಲ್ಲ ಎಂದು ಗೋಳಿಟ್ಟಳು. ಅಷ್ಟರಲ್ಲಿ ಉಮಾವತಿಯೂ ಬಾಗಿಲಲ್ಲಿ. ವನಜ ಏಳುತ್ತ ಏಳುತ್ತ ಮಾನಿಟರಿನ ಕಿವಿಯನ್ನು ಒಂದಕ್ಕೆ ತಿರುಪಿದಳು. ಕೀಬೋರ್ಡಿನದನ್ನು ಮರೆತಳು.

ದುಬೈಯವಳ ಹತ್ತಿರ ನಿಂತೇ ಅವಳು ಹಿಂತಿರುಗಿ ನೋಡಿದ್ದಳು. ಉಮಾವತಿ ಬಟ್ಟೆ ಹಿಂಡಿ ತಂದು ಒರೆಸುತ್ತಿದ್ದಳು, ಮೇಲಿನ ಸಾಲು, ಎರಡನೇ ಸಾಲು, ಮೂರನೇ ಸಾಲು. ಪರದೆಯ ಮೇಲೆ ಕನ್ನಡದ ಪುಟ ಅಲುಗಾಡದೆ ಕೂತಿತ್ತು, ಇವತ್ತು ಯಾವ ಅಕ್ಷರವೂ ಮೂಡಲಿಲ್ಲವಲ್ಲ ಎಂದು ಉಮಾವತಿಗೆ ಖುಷಿಯಾದಂತಿತ್ತು. ಅಕ್ಷರಗಳೆಲ್ಲ ಮೇಜಿನ ಕೆಳಗಿನ ಮೂರನೇ ಪೆಟ್ಟಿಗೆಗೆ ಹೋಗುತ್ತಿದ್ದವು. ಕೂಗಬಹುದಿತ್ತು, ಅಕ್ಕ ಒರೆಸಬೇಡಿ ಎಂದು. ವನಜನ ಬಾಯಿ ತೆರೆಯಿತು. ಆದರೆ ಆ ಒರೆಸುವುದನ್ನು ನಾಲ್ಕು ವರ್ಷದಿಂದ ಕಂಡೂ ಕಾಣದ ಹಾಗೆ ಇದ್ದವಳು, ಅದಕ್ಕೊಂದು ಹೆಸರು ಕೊಡುವುದನ್ನೇ ತಪ್ಪಿಸಿಕೊಂಡು ಬಂದವಳು, ಈಗ ಗಿರಾಕಿಗಳ ಎದುರು ಒರೆಸಬೇಡಿ ಎನ್ನುವುದು ಹೇಗೆ? ಮೂರನೇ ಸಾಲಿನ ಬಲತುದಿಯಲ್ಲಿ ಬಟ್ಟೆ ಎಂಟರ್ ಗುಂಡಿಯನ್ನು ಒತ್ತಿ ಒರೆಸಿತು, ಅಲ್ಲಿಗೆ ಮುಗಿಯಿತು. ಫ್ಲಾಪಿಯಲ್ಲಿ ಮೊದಲ ಹನ್ನೆರಡು ಪುಟ ಇತ್ತು, ಉಳಿದ ಎಂಬತ್ತನಾಲ್ಕು ಗಾಳಿಗೆ ಹೋದವು. ಸಂಜೆ ವಿಷಯ ತಿಳಿದಾಗ ಉಮಾವತಿ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಟ್ಟಳು. ಆ ಸಂಚಿಕೆಯ ಕೊನೆಯ ಪುಟದಲ್ಲಿ ಅಕ್ಷರ ಜೋಡಿಸಿದವರು ಎಂದು ಅವಳ ಹೆಸರಿತ್ತು. ಮದುವೆ ಕಾಗದ ಬಿಟ್ಟರೆ ಅವಳ ಹೆಸರು ಅಚ್ಚಿನಲ್ಲಿ ಬರುವುದು ಅದೇ ಮೊದಲು. ಅದು ವನಜನಿಗೆ ಗೊತ್ತಿತ್ತು, ಗೊತ್ತಿದ್ದರಿಂದಲೇ ಎಲ್ಲರೂ ತನ್ನ ತಲೆ ಮೇಲೆ ಗೂಬೆ ಕೂರಿಸುವಾಗ ಬಾಯಿ ಮುಚ್ಚಿಕೊಂಡು ನಿಂತಳು.

ಆದರೆ ಅವಳ ಪ್ರೋಗ್ರಾಮು, ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಗಂಟೆ ನಿಮಿಷ ಸಮೇತ ಬರೆದಿಡುತ್ತಿತ್ತು. ಎಲ್ಲರೂ ಹೋದ ಮೇಲೆ ತೆಗೆದು ನೋಡಿದಳು. ಒಂದರಿಂದ ಸೊನ್ನೆಯವರೆಗಿನ ಅಂಕಿ ಸಾಲಾಗಿ, ಆಮೇಲೆ ಎರಡನೇ ಸಾಲಿನ ಅಕ್ಷರ, ಆಮೇಲೆ ಮೂರನೇ ಸಾಲಿನದು, ನಡುನಡುವೆ ಒಂದೆರಡು ಹಾರಿ ಹೋಗಿವೆ, ಒಂದೆರಡು ಮೂರು ಮೂರು ಸಲ ಬಿದ್ದಿವೆ. ಮನುಷ್ಯರ ಬೆರಳು ಹಾಗೆ ಟೈಪು ಮಾಡುವುದಿಲ್ಲ. ಹಾಗೆ ಟೈಪು ಮಾಡುವುದು ಒಂದು ಬಟ್ಟೆ ಮಾತ್ರ. ಅದನ್ನು ಪ್ರಿಂಟು ತೆಗೆದು ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಮೂರು ದಿನದಿಂದ ಆ ಕಾಗದ ಚೀಲದಲ್ಲೇ ಬಸ್ಸು ಹತ್ತಿ ಇಳಿದು ಮಾಡುತ್ತಿತ್ತು. ತೋರಿಸಿದರೆ ಗೆಲ್ಲುತ್ತಾಳೆ, ಸರಿ. ತೋರಿಸಿದ ಮರುಗಳಿಗೆ ಒರೆಸಿದ್ದು ಯಾಕೆ ಎಂಬ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆ ಅಂಗಡಿಯ ನಡುವೆ ನಿಂತರೆ ಅದರ ಕಣ್ಣು ಮೊದಲು ತನ್ನ ಮೇಲೇ ಬೀಳುತ್ತದೆ. ಲಿಂಬೆಸಿಪ್ಪೆಯ ಮೇಲೆ ಬೀಳುತ್ತದೆ. ಬಾಗಿಲಲ್ಲಿ ನಿಂತ ಬುಟ್ಟಿಯ ಮೇಲೆ ಬೀಳುತ್ತದೆ. ಅಷ್ಟಕ್ಕೆ ಹೆದರಿ ಮೂರು ದಿನ ಕಳ್ಳಿಯ ಹಾಗೆ ಓಡಾಡಿದೆನಲ್ಲ, ಥೂ, ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು.

ಕುಷ್ಟ ಸೈಕಲ್ಲು ನಿಲ್ಲಿಸಿ, ಸ್ಕ್ರೂಡ್ರೈವರು ಕಿಸೆಯಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದ. ಅವನ ಹಿಂದೆಯೇ ಉಮಾವತಿ. ಮೂರು ದಿನದಿಂದ ಅವಳು ವನಜನ ಕಡೆ ನೋಡಿ ಮಾತಾಡಿರಲಿಲ್ಲ. ಸಂಚಿಕೆಯ ಕೈಬರಹದ ಕಟ್ಟನ್ನು ಮೇಜಿನ ತುದಿಯಲ್ಲಿಟ್ಟು ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತೆಗೆದಳು. ರಾಜೀವ ಹೊಸ ಮಾನಿಟರಿನ ಪೆಟ್ಟಿಗೆ ಬಿಚ್ಚುತ್ತ, ಮೊದಲು ಈ ತಗಡಿನ ಡಬ್ಬಿ ಕಳಚು, ಮೂರನೇದನ್ನು ಒಳಗೆ ಒಯ್ಯುವ ಎಂದು ಕುಷ್ಟನಿಗೆ ಹೇಳಿದ. ಕುಷ್ಟ ಮೇಜಿನ ಕೆಳಗೆ ಬಗ್ಗಿದ. ವನಜನಿಗೆ ತನ್ನ ಕಾಲಿನ ಹತ್ತಿರ ಅವನ ನೆರೆತ ತಲೆ ಕಂಡಿತು.

"ಆ ವಯರ್ ಮುಟ್ಬೇಡಿ ಕುಷ್ಟಣ್ಣ," ಎಂದಳು. "ನಾನ್ ಒಳ್ಗ್ ಹೋತಿಲ್ಲೆ."

ದನಿ ಸ್ವಲ್ಪ ದೊಡ್ಡದಾಗಿಯೇ ಬಂದಿತ್ತು, ಫಾರ್ಮು ತುಂಬುತ್ತಿದ್ದ ಅಕ್ಕತಂಗಿಯರು ತಿರುಗಿ ನೋಡಿದರು. ರಾಜೀವ ನಗುತ್ತಲೇ, ಅಲ್ಲ ಮಾರಾಯ್ತಿ, ನಿನ್ನ ಅನುಕೂಲಕ್ಕೇ ಅಲ್ಲವೇ ಎಂದು ಶುರು ಮಾಡಿದ. ವನಜ ಚೀಲದಿಂದ ಕಾಗದ ತೆಗೆದು ಅವನ ಕೈಗೆ ಕೊಟ್ಟಳು. ಶನಿವಾರ ಹನ್ನೊಂದು ಗಂಟೆ ಆರು ನಿಮಿಷಕ್ಕೆ ಕಂಪ್ಯೂಟರು ಅಳಿಸಲೇ ಎಂದು ಕೇಳಿದಾಗ ಬಂದ ಉತ್ತರ ಇದು, ಇದನ್ನು ಯಾರು ಬೇಕಾದರೂ ಕೀಬೋರ್ಡಿನ ಸಾಲಿಗೆ ಹಿಡಿದು ನೋಡಬಹುದು ಎಂದಳು. ತನ್ನ ತಪ್ಪನ್ನೂ ಬಿಡಲಿಲ್ಲ. ಕಿವಿ ಒಂದನ್ನೇ ತಿರುಪಿದ್ದು, ಬೇಡ ಎಂದು ಒತ್ತಿ ಏಳದೆ ಇದ್ದದ್ದು, ಪ್ರೋಗ್ರಾಮನ್ನು ಹಾಗೆ ಬರೆದದ್ದು, ಮೂರನ್ನೂ ಹೇಳಿದಳು. ಅದನ್ನು ಬರೆದದ್ದೂ, ನಾಲ್ಕು ವರ್ಷ ಅದನ್ನೆಲ್ಲ ನಡೆಸಿದ್ದೂ ಯಾವ ಕಾಲೇಜಿನ ಹುಡುಗನೂ ಅಲ್ಲ, ತಾನು ಎಂದೂ ಹೇಳಿದಳು. ಕುಷ್ಟ ಮೇಜಿನ ಕೆಳಗಿನಿಂದ ಹೊರಗೆ ಬಂದು, ಕಾಗದವನ್ನು ಬಗ್ಗಿ ನೋಡಿ, ಕೀಬೋರ್ಡು ನೋಡಿ, ತಲೆ ಕೆರೆದುಕೊಂಡ. ಉಮಾವತಿಯ ಕೈಯಲ್ಲಿ ಹಳದಿ ಬಟ್ಟೆ ಇತ್ತು, ಅರ್ಧ ಹಿಂಡಿದ್ದು.

"ಧೂಳ್ ಒರ್ಸಿದೆ," ಎಂದಳು ಉಮಾವತಿ. "ಧೂಳ್ ಒರ್ಸುದ್ ತಪ್ಪಾ?"

"ನಾನ್ ಕೂಕಂಡ್ ಎದ್ ಕೂಡ್ಲೇ ಧೂಳ್ ಬತ್ತಾ ಅಕ್ಕ? ರಾಜೀವಣ್ಣ ಎದ್ರೆ ಬತ್ತಿಲ್ಲ್ಯಾ?"

ಉಮಾವತಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ರಾಜೀವ, ವನಜ, ಸಾಕು, ಎಂದ. ಈಗ ಅವನ ನಗು ಇರಲಿಲ್ಲ. ವನಜನಿಗೆ ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ.

"ನನ್ ಕೈ ಮೀನ್ ಹೆರ್ದ್ ಬೆಳ್ದ ಕೈ," ಎಂದಳು. "ನೀವ್ ಒರ್ಸುದ್ ಕಂಡ್ ನಾನೂ ಲಿಂಬೆ ಹಾಕಿ ತಿಕ್ದೆ. ಅವತ್ ಬಾಗ್ಲಲ್ ಬುಟ್ಟಿ ಹೊತ್ಕಂಡ್ ನಿಂತದ್ ಯಾರೋ ಮೀನಿನವ್ಳಲ್ಲ ಅಕ್ಕ, ನನ್ನಮ್ಮ. ಮೀನ್ ಬ್ಯಾಡ ಅಂದ್ ಹೇಳಿ ಕಳ್ಸಿದೆ. ನೀವ್ ಕೀಬೋರ್ಡ್ ಒರ್ಸಿದ್ದ್ರಿ, ನಾನ್ ಅವ್ಳನ್ನೇ ಒರ್ಸಿ ಹಾಕಿದೆ. ಇನ್ ನಂಗೆ ಒರ್ಸುಕೂ ಇಲ್ಲ, ತಿಕ್ಕುಕೂ ಇಲ್ಲ."

ಉಮಾವತಿ ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಲ್ಲೆಯ ಮೇಲೆ ಇಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಅದು ನಾಚಿಕೆಯೋ ಸಿಟ್ಟೋ ವನಜನಿಗೆ ತಿಳಿಯಲಿಲ್ಲ. ಎಂಬತ್ತನಾಲ್ಕು ಪುಟ ಹೆಣ್ಣೇ, ಎಂಬತ್ತನಾಲ್ಕು ಪುಟ, ಎಂದಳು ಸಣ್ಣ ದನಿಯಲ್ಲಿ. ಆ ಮಾತು ವನಜನಿಗೆ ತಾಗಿತು. ಎಲ್ಲ ಸುಳ್ಳಾದರೂ ಆ ಎಂಬತ್ತನಾಲ್ಕು ಪುಟ ನಿಜವಾಗಿತ್ತು, ಮೂರು ವಾರ ಬೆನ್ನು ನೋಯಿಸಿಕೊಂಡದ್ದು ನಿಜವಾಗಿತ್ತು.

"ತಪ್ಪ್ ಅರ್ಧ ನಂದ್, ಅರ್ಧ ನಿಮ್ದ್," ಎಂದಳು. "ನಲ್ವತ್ತೆರ್ಡ್ ಪುಟ ನಾನ್ ಹೊಡಿತೆ. ನಲ್ವತ್ತೆರ್ಡ್ ನೀವ್. ಇದೇ ಕೀಬೋರ್ಡಲ್ಲಿ."

ಎರಡೂ ಕಿವಿಯನ್ನು ಒಂದಕ್ಕೆ ತಿರುಪಿದಳು. ಕನ್ನಡದ ಪುಟ ಮೂಡಿತು, ಉಮಾವತಿಯ ಕಂಪ್ಯೂಟರು, ನಾಲ್ಕು ವರ್ಷದಲ್ಲಿ ಕರೆಂಟು ಹೋಗಿ ಬಂದಾಗ ಎಬ್ಬಿಸುವುದಕ್ಕೆ, ಕಡತ ಸಾಗಿಸುವುದಕ್ಕೆ ಬಿಟ್ಟರೆ ವನಜ ಕೈಯಿಡದಿದ್ದದ್ದು. ಮೇಜಿನ ತುದಿಯ ಕೈಬರಹದ ಕಟ್ಟನ್ನು ಎಳೆದುಕೊಂಡಳು. ರಾಜೀವ ಮೇಜಿನ ಹತ್ತಿರ ಬಂದು, ಏಳು ವನಜ, ಈಗ ಮನೆಗೆ ಹೋಗು, ಸಂಜೆ ಮಾತಾಡುವ ಎಂದ. ಮುಂಬೈಯಲ್ಲಿ ಇಪ್ಪತ್ತು ವರ್ಷ ಎಲ್ಲ ಜಾತಿಯವರಿಗೂ ಒಂದೇ ಗ್ಲಾಸಿನಲ್ಲಿ ಚಾ ಕೊಟ್ಟವನು ತಾನು, ತನ್ನ ಅಂಗಡಿಯಲ್ಲಿ ಇಂಥ ಮಾತು ಬೇಡ ಎಂದ. ಅದೂ ಗಿರಾಕಿಗಳ ಎದುರು, ಎಂದ. ಅವನ ಒಳ್ಳೆಯತನಕ್ಕೆ ನೋವಾಗಿತ್ತು, ಪಾಪ, ಅದು ಅವನ ಮುಖದಲ್ಲೇ ಕಾಣುತ್ತಿತ್ತು.

"ಎಂತಕೆ ಏಳ್ಕ್ ಅಂದ್ ಇಷ್ಟ್ ಜನ್ರ ಎದ್ರ್ ಹೇಳಿ ರಾಜೀವಣ್ಣ," ಎಂದಳು ವನಜ. "ಹೇಳಿ, ಈಗ್ಲೇ ಎದ್ ಹೋತೆ."

ಅವನು ಬಾಯಿ ತೆರೆದ. ಕುಷ್ಟ ಅವನನ್ನು ನೋಡುತ್ತಿದ್ದ, ಅಕ್ಕತಂಗಿಯರು ನೋಡುತ್ತಿದ್ದರು, ಅವನ ಹೆಂಡತಿಯೂ ನೋಡುತ್ತಿದ್ದಳು. ಬೇರೆ ಒಂದು ಕಾರಣ ಸಿಕ್ಕಿದ್ದರೆ ಹೇಳುತ್ತಿದ್ದ. ಇದ್ದ ಒಂದು ಕಾರಣವನ್ನು ಹೇಳುವ ಬಾಯಿ ಅವನದಲ್ಲ. ಬಿಚ್ಚಿದ ಪೆಟ್ಟಿಗೆಯ ಥರ್ಮಾಕೋಲನ್ನು ಕಾಲಿನಿಂದ ಬದಿಗೆ ಸರಿಸಿ, ಹೊರಗೆ ಹೋಗಿ ಯಾರಿಗೋ ಫೋನು ಮಾಡತೊಡಗಿದ. ಸಂಜೆ ಏನಾಗುತ್ತದೋ ಆಗಲಿ, ಅದು ಸಂಜೆಯ ಮಾತು.

ವನಜ ಹದಿಮೂರನೇ ಪುಟ ತೆಗೆದು ಟೈಪು ಮಾಡತೊಡಗಿದಳು. ಕನ್ನಡದ ಕೀಲಿಗಳು ಅವಳ ಬೆರಳಿಗೆ ಹೊಸತು, ಒಂದು ಸಾಲಿಗೆ ಐದು ನಿಮಿಷ ಹಿಡಿಯಿತು. ಬೆನ್ನ ಹಿಂದೆ ಉಮಾವತಿ ನಿಂತೇ ಇದ್ದಳು, ಅವಳ ಉಸಿರು ಕೇಳಿಸುತ್ತಿತ್ತು. ಹೋಗಿರಲಿಲ್ಲ, ಕೂತಿರಲಿಲ್ಲ. ಶಾಲೆಗೆ ಜಾಗ ಕೊಟ್ಟವರ, ಬಾವಿ ತೋಡಿಸಿದವರ, ಹಂಚು ಹೊದಿಸಿದವರ ಪಟ್ಟಿ ಅದು. ಏಳನೇ ಹೆಸರಿಗೆ ಬಂದಾಗ ಕಾಗದದ ಮೇಲೆ ಶಾಯಿ ಕದಡಿ ಹೋಗಿತ್ತು. ಎಷ್ಟು ಹತ್ತಿರ ಹಿಡಿದು ನೋಡಿದರೂ ಅವಳಿಗೆ ಓದಲಾಗಲಿಲ್ಲ. ಆ ಹೆಸರು ಗೊತ್ತಿದ್ದದ್ದು ಅದನ್ನು ಒಮ್ಮೆ ಟೈಪು ಮಾಡಿದವಳೊಬ್ಬಳಿಗೆ ಮಾತ್ರ. ವನಜ ತಿರುಗಿ ನೋಡಲಿಲ್ಲ.

"ಈ ಬಾವಿ ತೋಡ್ಸಿದ್ ಯಾರ್ ಅಕ್ಕ?" ಎಂದು ಕೇಳಿದಳು.

ಅವಳು ಕೈಯನ್ನು ಕೀಬೋರ್ಡಿನ ಮೇಲೆಯೇ ಇಟ್ಟುಕೊಂಡು ಕಾದಳು, ಹತ್ತೂ ಬೆರಳು, ಎಲ್ಲರಿಗೂ ಕಾಣುವ ಹಾಗೆ. ಬೀದಿಯಲ್ಲಿ ಒಂದು ಬಸ್ಸು ನಿಂತು, ಜನ ಇಳಿಸಿ, ಶಿರೂರಿನ ಕಡೆಗೆ ಹೊರಟುಹೋಯಿತು.

"ಬಿಜೂರ್ ಸರೋಜಮ್ಮ," ಎಂದಳು ಉಮಾವತಿ, ನಿಂತಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬಾರದೆ.

ವನಜ ಅದನ್ನು ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದಳು.

"ಮುಂದಿನ್ದ್ ಹೇಳಿ," ಎಂದಳು.